ಪ್ರಶ್ನೋತ್ತರ: ಬಿ.ಎಡ್. ಮನೋವಿಜ್ಞಾನ, ಪರೀಕ್ಷೆಗೆ ಮುಂಚೆ (ಕಲಬುರಗಿ–ಬೀದರ್–ಯಾದಗಿರಿ ಗುಂಪು)

ಉಪನ್ಯಾಸಕಿ, ಕಲಬುರಗಿ: ಎಲ್ಲರಿಗೂ ನಮಸ್ಕಾರ. ಕಲಿಕೆ ಮತ್ತು ನೆನಪು, ಈ ಎರಡು ಘಟಕಗಳಲ್ಲಿ ತಿಳಿಯದ್ದು ಇದ್ದರೆ ಕೇಳಿ. ರಾತ್ರಿ ಒಂಬತ್ತರವರೆಗೆ ಇರುತ್ತೇನೆ.

ವಿದ್ಯಾರ್ಥಿನಿ, ಬೀದರ್: ಮೇಡಂ, ಋಣಾತ್ಮಕ ಪುನರ್ಬಲನ ಅಂದ್ರೆ ಶಿಕ್ಷೆನೇ ಅಲ್ವಾ? ಗೈಡ್‌ನಲ್ಲಿ ಹಾಗೇ ಇದೆ.

ಉಪನ್ಯಾಸಕಿ: ಗೈಡ್ ತಪ್ಪಮ್ಮ. ಪುನರ್ಬಲನ ಯಾವುದೇ ಇರಲಿ, ವರ್ತನೆ ಹೆಚ್ಚುತ್ತದೆ. ಶಿಕ್ಷೆಯಿಂದ ಕಡಿಮೆಯಾಗುತ್ತದೆ. ಬೇಡದ್ದು ತಪ್ಪಿತು ಅನ್ನುವ ಕಾರಣಕ್ಕೆ ವರ್ತನೆ ಹೆಚ್ಚಿದರೆ ಅದು ಋಣಾತ್ಮಕ ಪುನರ್ಬಲನ. ತಲೆನೋವಿಗೆ ಮಾತ್ರೆ ನುಂಗಿದಿರಿ, ನೋವು ಹೋಯಿತು. ಮುಂದಿನ ಸಲವೂ ಮಾತ್ರೆಗೇ ಕೈ ಹಾಕುತ್ತೀರಿ.

ವಿದ್ಯಾರ್ಥಿ, ಆಳಂದ: ಪಾವ್ಲೊವ್‌ಗೆ ನೊಬೆಲ್ ಬಂದದ್ದು ನಾಯಿಗೆ ಅನುಬಂಧನ, ಅಂದ್ರೆ ಸದ್ದು ಕೇಳಿದರೇ ಜೊಲ್ಲು ಸುರಿಸುವುದನ್ನು, ಕಲಿಸಿದ್ದಕ್ಕಾ?

ಉಪನ್ಯಾಸಕಿ: ಅಲ್ಲ. 1904ರಲ್ಲಿ, ಜೀರ್ಣಕ್ರಿಯೆಯ ಅಧ್ಯಯನಕ್ಕೆ.

ವಿದ್ಯಾರ್ಥಿ, ಸೇಡಂ: ಹಳೇ ಪ್ರಶ್ನೆಪತ್ರಿಕೆ ಯಾರ ಹತ್ತಿರ ಇದೆ?

ಅತಿಥಿ ಶಿಕ್ಷಕ, ಯಾದಗಿರಿ: ಮೇಡಂ, ಇದು ಪರೀಕ್ಷೆಯ ಪ್ರಶ್ನೆ ಅಲ್ಲ, ಆದರೂ ಕೇಳುತ್ತೇನೆ. ನಾಲ್ಕನೇ ತರಗತಿಯ ಹುಡುಗ. ಕನ್ನಡ ಪಾಠ ಓದು ಅಂದ ಕೂಡಲೇ ಚೀರುತ್ತಾನೆ, ಪಕ್ಕದವನಿಗೆ ಗುದ್ದುತ್ತಾನೆ. ಹೊರಗೆ ನಿಲ್ಲಿಸುತ್ತೇನೆ. ಈಗೀಗ ಪುಸ್ತಕ ತೆಗೆಯಿರಿ ಅಂದರೇ ಶುರು. ಲೆಕ್ಕದ ಪಿರಿಯಡ್‌ನಲ್ಲಿ ಸುಮ್ನೆ ಇರುತ್ತಾನೆ. ಶಿಕ್ಷೆ ಕೊಟ್ಟರೂ ಜಾಸ್ತಿ ಆಗ್ತಿದೆಯಲ್ಲ, ಯಾಕೆ?

ಉಪನ್ಯಾಸಕಿ: ಇದನ್ನು ಎಲ್ಲರೂ ಓದಿ. ಸರ್, ಹೊರಗೆ ನಿಲ್ಲಿಸುವುದು ನಿಮ್ಮ ಲೆಕ್ಕದಲ್ಲಿ ಶಿಕ್ಷೆ. ಅವನಿಗೆ ಅದು ಬಿಡುಗಡೆ. ಚೀರಿದ, ಓದುವ ಸಂಕಟ ತಪ್ಪಿತು. ಹಾಗಾಗಿ ಚೀರಾಟ ಗಟ್ಟಿಯಾಗುತ್ತಿದೆ. ಬೀದರ್‌ನವರು ಕೇಳಿದ ಋಣಾತ್ಮಕ ಪುನರ್ಬಲನ ಇದೇ. ಇನ್ನೊಂದು ಮಾತು, ಬೇಜಾರಾಗಬೇಡಿ. ಅವನು ಹೊರಗೆ ಹೋದ ಕೂಡಲೇ ತರಗತಿ ಶಾಂತವಾಗುತ್ತದೆ, ನಿಮಗೂ ಹಗುರ. ಹೊರಗೆ ಕಳಿಸುವ ನಿಮ್ಮ ರೂಢಿಯೂ ಹೀಗೇ ಬಲವಾಗಿದೆ. ಕೊಡುವವರು ಏನು ಅಂದುಕೊಂಡರು ಎಂದು ನೋಡಿ ಶಿಕ್ಷೆ ಎನ್ನಬಾರದು. ವರ್ತನೆ ಹೆಚ್ಚಿತೋ ಕಡಿಮೆಯಾಯಿತೋ ನೋಡಬೇಕು.

ನನಗೆ ಚಿಂತೆ ಬೇರೆ. ಲೆಕ್ಕಕ್ಕೆ ಸುಮ್ಮನಿರುವ ಮಗು ಓದಿಗೆ ಮಾತ್ರ ಯಾಕೆ ಹೆದರುತ್ತದೆ? ಕಣ್ಣು ಸರಿಯಾಗಿ ಕಾಣಿಸುತ್ತದಾ? ಮನೆಯವರು ಗುಳೆ ಹೋಗಿದ್ದರಾ?

ಅತಿಥಿ ಶಿಕ್ಷಕ, ಯಾದಗಿರಿ: ಹೌದು ಮೇಡಂ, ಪುಣೆಗೆ. ದಸರೆ ಆದಮೇಲೆ ಹೋದವರು ಯುಗಾದಿಗೆ ಬಂದರು. ಒತ್ತಕ್ಷರ ಬಂದರೆ ಬೆರಳು ಅಲ್ಲೇ ನಿಲ್ಲುತ್ತದೆ. ‘ಹಕ್ಕಿ’ಗೆ ‘ಹಕಿ’ ಅಂತಾನೆ. ಹುಡುಗರು ನಗುತ್ತಾರೆ.

ಉಪನ್ಯಾಸಕಿ: ಒತ್ತಕ್ಷರ ಕಲಿಸುವ ತಿಂಗಳುಗಳಲ್ಲಿ ಅವನು ಶಾಲೆಯಲ್ಲೇ ಇರಲಿಲ್ಲ ಅನ್ನಿಸುತ್ತದೆ. ಎಲ್ಲರೆದುರು ಓದಿಸುವುದನ್ನು ಸದ್ಯ ನಿಲ್ಲಿಸಿ. ಪಕ್ಕ ಕೂರಿಸಿಕೊಂಡು ಒತ್ತಕ್ಷರವಿಲ್ಲದ ಎರಡು ಸಾಲು ಓದಿಸಿ. ಸಾಕಾದರೆ ‘ಸಾಕು ಸರ್’ ಅಂತ ಬಾಯಿಬಿಟ್ಟು ಕೇಳಲಿ, ಕೇಳಿದ ಕೂಡಲೇ ಬಿಡಿ. ಚೀರಿ ಪಡೆಯುತ್ತಿದ್ದ ಬಿಡುವು ಕೇಳಿದರೂ ಸಿಗುತ್ತದೆ ಅಂತ ಗೊತ್ತಾಗಬೇಕು. ಕಣ್ಣು, ಕಿವಿ ತಪಾಸಣೆಗೆ ತಾಲೂಕು ಆಸ್ಪತ್ರೆಗೆ ಕಳಿಸಿ. ಅಷ್ಟರೊಳಗೆ ಅವನಿಗೆ ಯಾವ ಕಾಯಿಲೆಯ ಹೆಸರೂ ಹಚ್ಚಬೇಡಿ.

ಪಾಲಕರು, ಕಲಬುರಗಿ: ಬಂದದ್ದನ್ನು ಕಳಿಸಿದ್ದೇನೆ: ‘ಮಿಡ್‌ಬ್ರೇನ್ ಆಕ್ಟಿವೇಶನ್ ಮಾಡಿಸಿ, ಮಕ್ಕಳು ಕಣ್ಣು ಕಟ್ಟಿಕೊಂಡೇ ಓದುತ್ತಾರೆ. ನಾವು ಬಳಸುವುದು ಮಿದುಳಿನ ಶೇಕಡಾ 10 ಮಾತ್ರ!’

ಉಪನ್ಯಾಸಕಿ: ದಯವಿಟ್ಟು ಅಳಿಸಿ. ಎರಡೂ ಸುಳ್ಳು. ಕಣ್ಣಿಗೆ ಬೆಳಕು ಬೀಳದೆ ಅಚ್ಚಾದ ಅಕ್ಷರವನ್ನು ಯಾರೂ ನೋಡಿ ಓದಲಾರರು. ಪಟ್ಟಿಯ ಸಂದಿಯಿಂದ ಇಣುಕುತ್ತಾರೆ, ಅಷ್ಟೆ. ಮಗುವಿಗೆ ಮೋಸ ಕಲಿಸಲು ದುಡ್ಡು ಸುರಿಯಬೇಡಿ.

ವಿದ್ಯಾರ್ಥಿ, ಜೇವರ್ಗಿ: ಋಣಾತ್ಮಕ ಪುನರ್ಬಲನ, ಶಿಕ್ಷೆ ಎರಡೂ ಒಂದೇನಾ ಮೇಡಂ?

ಉಪನ್ಯಾಸಕಿ: ಮೇಲೆ ಓದಿ.

ನಿವೃತ್ತ ಶಿಕ್ಷಕರು, ಚಿಂಚೋಳಿ: ಇಷ್ಟೆಲ್ಲ ಯಾಕ್ರಿ? ನಮ್ಮ ಕಾಲದಲ್ಲಿ ಎರಡು ಬಿಗಿದರೆ ಓದುತ್ತಿದ್ದರು.

ವಿದ್ಯಾರ್ಥಿನಿ, ಬೀದರ್: ಸರ್, ಶಿಕ್ಷಣ ಹಕ್ಕು ಕಾಯ್ದೆ 2009, 17ನೇ ಕಲಂ. ಹೊಡೆಯುವಂತಿಲ್ಲ.

ನಿವೃತ್ತ ಶಿಕ್ಷಕರು, ಚಿಂಚೋಳಿ: ಕಲಂ ಓದಿದರೆ ಪಾಠ ಬರುವುದಿಲ್ಲಮ್ಮ. ಮೊದಲು ತರಗತಿಯಲ್ಲಿ ನಿಂತು ನೋಡು.

ವಿದ್ಯಾರ್ಥಿ, ಆಳಂದ: ಬಡಿಸಿಕೊಂಡು ಶಾಲೆ ಬಿಟ್ಟವರ ಲೆಕ್ಕ ಇಟ್ಟಿದ್ದೀರಾ ಸರ್? ನಮ್ಮಣ್ಣ ಒಬ್ಬ.

ನಿವೃತ್ತ ಶಿಕ್ಷಕರು, ಚಿಂಚೋಳಿ: ಹಿರಿಯರ ಜೊತೆ ಮಾತಾಡುವ ರೀತಿ ಕಲಿಯಿರಿ.

ಪಾಲಕರು, ಕಲಬುರಗಿ: ಎಲ್ಲರೂ ಸಮಾಧಾನವಾಗಿರಿ. ನೆನಪಿನ ಶಕ್ತಿಗೆ ಬ್ರಾಹ್ಮಿ ಮಾತ್ರೆ ಬಗ್ಗೆ ಮೇಡಂ ಹೇಳಲಿ.

ಉಪನ್ಯಾಸಕಿ: ಮಾತ್ರೆಯ ಮಾತು ಇಲ್ಲಿ ಬೇಡ. ಪುಸ್ತಕ ಮುಚ್ಚಿ, ಓದಿದ್ದನ್ನು ನೆನಪಿನಿಂದ ಬರೆಯಿರಿ. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ಮಾಡಿದ್ದು ಜಾಸ್ತಿ ದಿನ ಉಳಿಯುತ್ತದೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ರಾತ್ರಿ ನಿದ್ದೆ ಮಾಡಿ.

ಚಿಂಚೋಳಿಯ ಗುರುಗಳೇ, ಏಟು ಆ ಹೊತ್ತಿಗೆ ಬಾಯಿ ಮುಚ್ಚಿಸುತ್ತದೆ. ಒತ್ತಕ್ಷರ ಕಲಿಸುವುದಿಲ್ಲ. 1920ರಲ್ಲಿ ವಾಟ್ಸನ್, ರೇನರ್ ಒಂದು ಕೂಸಿಗೆ ಬಿಳಿ ಇಲಿ ತೋರಿಸಿ ಅದೇ ಹೊತ್ತಿಗೆ ಜೋರಾಗಿ ಸದ್ದು ಮಾಡಿದರು. ಆಮೇಲೆ ಇಲಿ ಕಂಡರೇ ಕೂಸು ಅಳುತ್ತಿತ್ತು. ಪುಸ್ತಕದ ಜೊತೆ ಏಟು ಬಿದ್ದರೆ ಪುಸ್ತಕವೇ ಹೆದರಿಕೆಯಾಗುತ್ತದೆ. ಈ ಚರ್ಚೆ ಇಲ್ಲಿಗೆ ನಿಲ್ಲಿಸಿ.

ವಿದ್ಯಾರ್ಥಿನಿ, ಶಹಾಪುರ: ಫ್ರಾಯ್ಡ್‌ದು ಇಂಪಾರ್ಟೆಂಟ್ ಇದೆಯಾ? ಮತ್ತೆ ಋಣಾತ್ಮಕ ಪುನರ್ಬಲನ ಅಂದ್ರೆ ಶಿಕ್ಷೆನಾ?

ಉಪನ್ಯಾಸಕಿ: ಮೂರನೇ ಸಲ. ಇನ್ನು ಇದಕ್ಕೆ ಉತ್ತರಿಸುವುದಿಲ್ಲ.

ಅತಿಥಿ ಶಿಕ್ಷಕ, ಯಾದಗಿರಿ: ಮೇಡಂ, ನಾಳೆಯೂ ಚೀರಿದರೆ?

ಉಪನ್ಯಾಸಕಿ: ಚೀರುತ್ತಾನೆ. ಮೊದಲ ಕೆಲವು ದಿನ ಜಾಸ್ತಿಯೇ ಆಗಬಹುದು, ಇಷ್ಟು ದಿನ ಸಿಗುತ್ತಿದ್ದದ್ದು ಸಿಗುವುದಿಲ್ಲವಲ್ಲ. ಆಗ ಸೋತು ಹೊರಗೆ ಕಳಿಸಿದರೆ ಇನ್ನೂ ಜೋರಾಗಿ ಚೀರಬೇಕು ಅಂತ ಕಲಿಯುತ್ತಾನೆ. ಪಕ್ಕದವನನ್ನು ಬೇರೆ ಕಡೆ ಕೂರಿಸಿ, ಅವನಿಗೆ ಪೆಟ್ಟಾಗಬಾರದು. ಹುಡುಗನ ಮುಂದೆ ಒಂದೇ ಸಾಲು ಇಡಿ, ಓದಿದ ಮೇಲೆ ಬಿಡಿ. ಚೀರುವ ಮುಂಚೆ ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು, ಒಂದು ವಾರ ಬರೆದಿಟ್ಟು ನನಗೆ ಕಳಿಸಿ.