ಈ "ಗೆಟ್" ಅನ್ನೋ ಪದಕ್ಕೆ ಎಷ್ಟು ಅರ್ಥ? ಯಾರಾದ್ರೂ ಬಿಡಿಸಿ ಹೇಳ್ತೀರಾ

ಹಾಸನದ_ಹುಡುಗ:
ಎಲ್ರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು. ದೊಡ್ಡ ಇಂಗ್ಲಿಷ್ ಪದ ಬಂದ್ರೆ ಡಿಕ್ಷನರಿ ನೋಡ್ಕೋತೀನಿ, ಆದ್ರೆ ಈ ಗೆಟ್ ಅನ್ನೋದು ಮಾತ್ರ ತಲೆಗೆ ಹತ್ತುತ್ತಿಲ್ಲ. ಮೊನ್ನೆ ಮೀಟಿಂಗಲ್ಲಿ ಲೀಡ್ ಏನೋ ವಿವರಿಸಿ ನನ್ ಕಡೆ ತಿರುಗಿ "ಡಿಡ್ ಯು ಗೆಟ್ ಇಟ್" ಅಂದ್ರು, ನಾನು ಯಾವ್ದೋ ಫೈಲ್ ಕಳ್ಸಿದಾರೆ ಅನ್ಕೊಂಡು ಮೇಲ್ ತೆಗೆದು ಹುಡ್ಕಿ ಬಂದಿಲ್ಲ ಸಾರ್ ಅಂದೆ, ಅವ್ರು ಅರ್ಥ ಆಯ್ತಾ ಅಂತ ಕೇಳಿದ್ದಂತೆ. ರೂಮಿಗೆ ಬಂದ್ಮೇಲೂ ಬೇಜಾರು ಹೋಗ್ಲಿಲ್ಲ. ಶಾಲೇಲಿ ಗೆಟ್ ಅಂದ್ರೆ ಪಡೆ ಅಂತ ಒಂದೇ ಅರ್ಥ ಬರೆಸಿದ್ರು. ಎಲ್ಲಾ ಬಾಯಿಪಾಠ ಮಾಡ್ಬೇಕಾ, ಇಲ್ಲಾ ಬೇರೆ ದಾರಿ ಇದ್ಯಾ?

ಇಂಗ್ಲಿಷ್_ಮೇಷ್ಟ್ರು:
ಬಾಯಿಪಾಠ ಬೇಡ ತಮ್ಮ. ನಮ್ ಹೈಸ್ಕೂಲ್ ಮಕ್ಕಳಿಗೆ ಒಂದು ಗುರುತು ಹೇಳ್ಕೊಡ್ತೀನಿ. ಕನ್ನಡದಲ್ಲಿ ಮಾತು "ನಂಗೆ" ಅಂತ ಶುರುವಾಗಿ ಸಿಕ್ತು, ಬಂತು, ಆಯ್ತು ಅಂತ ಮುಗಿದ್ರೆ ಬಹಳ ಸಲ ಇಂಗ್ಲಿಷಲ್ಲಿ ಗೆಟ್ ಬರತ್ತೆ. ನಂಗೆ ಕೆಲಸ ಸಿಕ್ತು, ಐ ಗಾಟ್ ಎ ಜಾಬ್. ನಂಗೆ ಕಾಗದ ಬಂತು, ಐ ಗಾಟ್ ಎ ಲೆಟರ್. ನಂಗೆ ನೆಗಡಿ ಆಯ್ತು, ಐ ಗಾಟ್ ಎ ಕೋಲ್ಡ್. ನಂಗೆ ಅರ್ಥ ಆಯ್ತು, ಐ ಗಾಟ್ ಇಟ್, ನಿಮ್ಮ ಲೀಡ್ ಕೇಳಿದ್ದು ಇದನ್ನೇ.
ಆದ್ರೆ ಒಂದು ಕಡೆ ಹುಷಾರು. ನಿದ್ದೆ ಬರ್ತಿದೆ ಅನ್ನಕ್ಕೆ ನಮ್ಮೋರು "ಐ ಆಮ್ ಗೆಟ್ಟಿಂಗ್ ಸ್ಲೀಪ್" ಅಂತಾರೆ, ಅದು ಸ್ಲೀಪಿ ಆಗ್ಬೇಕು. ಕೋಪ ಬಂತು ಅನ್ನಕ್ಕೆ ಗಾಟ್ ಆಂಗರ್ ಅಲ್ಲ, ಗಾಟ್ ಆಂಗ್ರಿ. ನಮ್ಮಲ್ಲಿ ಕೋಪ ಅನ್ನೋ ನಾಮಪದ ನಮ್ಮ ಹತ್ರ ಬರತ್ತೆ, ಅವರಲ್ಲಿ ಮನುಷ್ಯನೇ ಹಾಗೆ ಆಗ್ತಾನೆ, ಅದಕ್ಕೆ ಗುಣವಾಚಕ ಬೇಕು. ಇನ್ನು ಇಷ್ಟ ಆಯ್ತು ಅನ್ನೋದಕ್ಕೆ ಗೆಟ್ ಹಾಕ್ಲೇಬೇಡಿ, ಐ ಲೈಕ್ಡ್ ಇಟ್ ಅಷ್ಟೇ.

ಮಂಡ್ಯದ_ಅಕ್ಕ:
ಮೇಷ್ಟ್ರೇ ಚೆನ್ನಾಗ್ ಹೇಳಿದ್ರಿ, "ಮಾಡಿಸು" ಒಂದು ಬಿಟ್ಟೋಯ್ತು. "ಐ ಕಟ್ ಮೈ ಹೇರ್" ಅಂದ್ರೆ ನೀನೇ ಕತ್ರಿ ಹಿಡ್ಕೊಂಡು ಕತ್ತರಿಸ್ಕೊಂಡೆ ಅಂತ ತಿಳ್ಕೋತಾರೆ ತಮ್ಮಾ, ಕಟಿಂಗ್ ಮಾಡಿಸ್ದೆ ಅನ್ನಕ್ಕೆ "ಐ ಗಾಟ್ ಮೈ ಹೇರ್ ಕಟ್", ಬೈಕ್ ಸರ್ವಿಸ್ ಮಾಡಿಸ್ದೆ ಅನ್ನಕ್ಕೆ "ಐ ಗಾಟ್ ಮೈ ಬೈಕ್ ಸರ್ವಿಸ್ಡ್". ನಮ್ಮ ಇಸು ಪ್ರತ್ಯಯ ಮಾಡೋ ಕೆಲಸಾನ ಅಲ್ಲಿ ಗೆಟ್ ಮಾಡತ್ತೆ. ಮಾಡಿಸು, ಕಟ್ಟಿಸು, ಹೊಲಿಸು, ಎಲ್ಲಾ ಹಂಗೇ.
ಆಮೇಲೆ ಬಸ್ಸಿಂದ ಇಳಿಯೋದು. ನಮ್ ಕಡೆ ಎಲ್ರೂ ಗೆಟ್ ಡೌನ್ ಅಂತೀವಿ, ಇಲ್ಲಿ ನಡೆಯತ್ತೆ, ಹೊರದೇಶದೋರ ಜೊತೆ ಮಾತಾಡೋವಾಗ ಬಸ್ಸು, ರೈಲು, ಬೈಕಿಗೆ ಗೆಟ್ ಆಫ್, ಕಾರು ಆಟೋಗೆ ಗೆಟ್ ಔಟ್ ಆಫ್ ಅನ್ನು.

ಕಡಲಾಚೆ_ಕನ್ನಡಿಗ:
ನಾನು ಅಮೆರಿಕಾದಲ್ಲಿರೋದು. ಇಲ್ಲಿ "ಹ್ಯಾವ್ ಗಾಟ್" ಬೇರೆ, "ಹ್ಯಾವ್ ಗಾಟನ್" ಬೇರೆ. ಮೊದಲ್ನೇದು ನನ್ನ ಹತ್ರ ಇದೆ ಅಂತ, ಎರಡನೇದು ಸಿಕ್ಕಿದೆ ಇಲ್ಲಾ ಆಗಿದೆ ಅಂತ. ಬ್ರಿಟನ್ ಕಡೆ ಸಾಮಾನ್ಯವಾಗಿ ಎರಡಕ್ಕೂ ಗಾಟ್ ಅಂತಾನೇ ಅಂತಾರೆ. ಗಾಟನ್ ಹಳೇ ರೂಪಾನೇ, ಅಮೆರಿಕಾದೋರು ಹೊಸದಾಗಿ ಹುಟ್ಟಿಸಿದ್ದಲ್ಲ. ಅಷ್ಟೇ ಯಾಕೆ, ಗೆಟ್ ಅನ್ನೋದೇ ವೈಕಿಂಗರ ಹಳೇ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದಿದ್ದು. ಫರ್ಗೆಟ್ ಒಳಗಿರೋ ಗೆಟ್ ಇದ್ರ ದಾಯಾದಿ, ಅದು ಇಂಗ್ಲಿಷಲ್ಲಿ ಮೊದಲೇ ಇತ್ತು.

ಹಾಸನದ_ಹುಡುಗ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಅಕ್ಕಾ, ಸಾರ್. "ನಂಗೆ" ಗುರುತು ಇಟ್ಕೊಂಡು ಇವತ್ತಿನ ಮೇಲ್‌ಗಳನ್ನೆಲ್ಲಾ ಮತ್ತೆ ಓದ್ದೆ, ಐದಾರು ಕಡೆ ಸರಿಯಾಗಿ ಕೂತ್ಕೊಳ್ತು. "ನಂಗೆ ಲೇಟ್ ಆಯ್ತು" ಅನ್ನೋದಕ್ಕೆ ಐ ಗಾಟ್ ಲೇಟ್ ಸರಿನಾ?

ಇಂಗ್ಲಿಷ್_ಮೇಷ್ಟ್ರು:
ಅದಿಲ್ಲ, ನೀವು ತಡವಾಗಿ ಬಂದಿದ್ರೆ ಐ ವಾಸ್ ಲೇಟ್. ಹೊತ್ತಾಯ್ತು, ಇನ್ನು ಹೊರಡ್ತೀನಿ ಅನ್ನೋವಾಗ ಇಟ್ಸ್ ಗೆಟ್ಟಿಂಗ್ ಲೇಟ್.