‘ಫ್ರೇಮ್ ಅಗ್ರಿಗೇಶನ್’ಗೆ ಒಂದೇ ಪದ ಸಾಕೇ?

ಗೆಳೆಯರೇ,

ವೈ-ಫೈ ಬಗ್ಗೆ ಕಾಲೇಜು ಮಕ್ಕಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ‘ಫ್ರೇಮ್ ಅಗ್ರಿಗೇಶನ್’ಗೆ ಕನ್ನಡದಲ್ಲಿ ಏನೆನ್ನುವುದು ಎಂಬಲ್ಲಿ ಬಂದು ನಿಂತಿದ್ದೇನೆ. ಅದು ಮಾಡುವ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ.

ವೈ-ಫೈನಲ್ಲಿ ಫ್ರೇಮನ್ನು, ಅಂದರೆ ವಿಳಾಸ ಹೊತ್ತ ಮಾಹಿತಿಯ ಒಂದು ಕಂತೆಯನ್ನು, ಸುಮ್ನೆ ಕಳಿಸಿಬಿಡಲು ಆಗುವುದಿಲ್ಲ. ಚಾನೆಲ್ ಖಾಲಿ ಇದೆಯೇ ನೋಡಬೇಕು, ಸರದಿ ಕಾಯಬೇಕು, ಮುಂದೊಂದು ಪ್ರಿಯಾಂಬಲ್ (ಫ್ರೇಮ್ ಬರುತ್ತಿದೆ ಎಂಬ ಮುನ್ಸೂಚನೆ) ಹಾಕಬೇಕು. ಆಮೇಲೆ ‘ತಲುಪಿತು’ ಎಂಬ ಅಕ್ ಬರಬೇಕು. 300 ಎಂಬಿಪಿಎಸ್ ವೇಗದಲ್ಲಿ 1500 ಬೈಟ್ ಸಾಗಲು ಬೇಕಾಗುವುದು 40 ಮೈಕ್ರೋಸೆಕೆಂಡ್. ಉಳಿದ ಈ ಕಾಯುವ ಕೆಲಸಕ್ಕೆ 5 ಗಿಗಾಹರ್ಟ್ಜ್‌ನಲ್ಲಿ ಸರಾಸರಿ 180ರ ಹತ್ತಿರ! ವೇಗ ಹೆಚ್ಚಿಸಿದಷ್ಟೂ ಆ 40 ಇಳಿಯುತ್ತದೆ, 180 ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಅದಕ್ಕೇ 2009ರ ವೈ-ಫೈ ಮಾನಕ 802.11ಎನ್, ಒಂದು ಸಲ ಕಾದು ಹಲವನ್ನು ಒಟ್ಟಿಗೆ ಕಳಿಸುವ ದಾರಿ ತಂದಿತು.

ತೊಡಕು ಏನೆಂದರೆ, ದಾರಿಗಳು ಎರಡು. ಎ-ಎಂಎಸ್‌ಡಿಯು ಎಂಬ ಮೊದಲನೆಯದರಲ್ಲಿ ಹಲವು ಪ್ಯಾಕೆಟ್‌ಗಳಿಗೆ ಸೇರಿ ಒಂದೇ ಮ್ಯಾಕ್ ಹೆಡರ್ (ವಿಳಾಸವಿರುವ ತಲೆಭಾಗ), ಕೊನೆಗೆ ಒಂದೇ ಚೆಕ್‌ಸಮ್ (ತಪ್ಪು ಹಿಡಿಯುವ ಲೆಕ್ಕ). ಎಲ್ಲೋ ಒಂದು ಬಿಟ್ ಕೆಟ್ಟರೂ ಪೂರ್ತಿ ಮತ್ತೆ ಕಳಿಸಬೇಕು. ಎ-ಎಂಪಿಡಿಯು ಎಂಬ ಎರಡನೆಯದರಲ್ಲಿ ಪ್ರತಿ ಫ್ರೇಮಿಗೂ ಅದರದೇ ಹೆಡರ್, ಅದರದೇ ಚೆಕ್‌ಸಮ್. 802.11ಎನ್‌ನಲ್ಲಿ ಹೀಗೆ 64ರವರೆಗೆ ಸೇರಿಸಬಹುದು. ಯಾವುದು ತಲುಪಿತು, ಯಾವುದು ಇಲ್ಲ ಎಂದು ಬ್ಲಾಕ್ ಅಕ್‌ನ (ಎಲ್ಲಕ್ಕೂ ಸೇರಿ ಬರುವ ಒಂದೇ ಅಕ್) 64 ಬಿಟ್‌ಗಳು ಹೇಳುತ್ತವೆ. ಕೆಟ್ಟದ್ದನ್ನಷ್ಟೇ ಮತ್ತೆ ಕಳಿಸಿದರಾಯಿತು. ಮುಂದೆ ಬಂದ 802.11ಎಸಿಯಲ್ಲಂತೂ ಒಂಟಿ ಫ್ರೇಮ್ ಕೂಡ ಎ-ಎಂಪಿಡಿಯು ವೇಷದಲ್ಲೇ ಹೊರಡುತ್ತದೆ.

‘ಒಟ್ಟುಗೂಡಿಸುವಿಕೆ’ ಎಂದರೆ ಎರಡೂ ಒಂದೇ ಆಗಿಬಿಡುತ್ತವೆ. ನನಗೆ ಹೊಳೆದದ್ದು ಮೊದಲನೆಯದಕ್ಕೆ ‘ಬೆಸುಗೆ’, ಎರಡನೆಯದಕ್ಕೆ ‘ಪೋಣಿಕೆ’. ಪೋಣಿಸಿದ ಮಣಿಗಳಲ್ಲಿ ಒಂದು ಒಡೆದರೆ ಉಳಿದವು ಕೆಡುವುದಿಲ್ಲ, ಅಲ್ವಾ? ಫ್ರೇಮನ್ನು ಮಾತ್ರ ‘ಚೌಕಟ್ಟು’ ಮಾಡಲು ನನಗೆ ಮನಸ್ಸಿಲ್ಲ. ಚೌಕಟ್ಟು ಬಾಗಿಲಿಗೆ, ಪಟಕ್ಕೆ ಸರಿ. ಇಲ್ಲಿ ಒಳಗಿನ ಮಾಲೂ ಸೇರಿಯೇ ಫ್ರೇಮ್. ಅದು ಹಾಗೇ ಇರಲಿ.

‘ಪೋಣಿಕೆ’ ನಿಮ್ಮ ಕಡೆ ಆಡುಮಾತಿನಲ್ಲಿ ಇದೆಯೇ, ‘ಪೋಣಿಸು’ ಅಷ್ಟೇ ಇದೆಯೇ? ಇನ್ನೊಂದು. ಎ-ಎಂಎಸ್‌ಡಿಯುಗಳನ್ನೇ ಎ-ಎಂಪಿಡಿಯು ಒಳಗೆ ಹಾಕುವುದೂ ಉಂಟು. ಅದನ್ನು ‘ಬೆಸೆದು ಪೋಣಿಸಿದ್ದು’ ಎಂದು ಬರೆದರೆ ಓದುವವರಿಗೆ ತಿಳಿದೀತೇ?