ಫ್ಲ್ಯಾಟ್, ಆಫೀಸು, ಮಾಲ್, ಹೋಟೆಲ್ ಎಲ್ಲ ಇರುವ ಬಿಲ್ಡರ್ ಕಂಪೆನಿಯ ಲೆಕ್ಕ ಓದುವುದು ಹೇಗೆ?

ಬಿಜೈ_ಉಳಿತಾಯ ಕೇಳಿದ್ದು:

ಶೇರು ಮಾರುಕಟ್ಟೆಯಲ್ಲಿರುವ ದೊಡ್ಡ ಬಿಲ್ಡರ್ ಕಂಪೆನಿಗಳ ಮೂರು ತಿಂಗಳ ಫಲಿತಾಂಶ ಓದಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಪ್ರಕಟಣೆಯ ಮೊದಲ ಸಾಲಲ್ಲಿ ದಾಖಲೆ ಮಾರಾಟ ಅಂತ ಉಂಟು. ಕೆಳಗೆ ಬಂದರೆ ಆದಾಯ ಇಳಿದಿದೆ, ಲಾಭ ಅರ್ಧಕ್ಕೆ ಬಂದಿದೆ, ಸಾಲ ಮಾತ್ರ ಸಾವಿರಾರು ಕೋಟಿ. ಇಂಥ ಕಂಪೆನಿಗೆ ಫ್ಲ್ಯಾಟ್ ಮಾರುವುದರ ಜೊತೆಗೆ ಬಾಡಿಗೆಯ ಆಫೀಸು, ಮಾಲ್, ಹೋಟೆಲ್ ಕೂಡ ಇದ್ದರೆ ಯಾವ ಅಂಕಿಯನ್ನು ನಂಬಬೇಕು? ಮುಂದಿನ ಎರಡು ಮೂರು ವರ್ಷ ಹೇಗಿರಬಹುದು ಅಂತ ಅಂದಾಜು ಮಾಡುವುದು ಎಲ್ಲಿಂದ? ಇದೇ ಲೆಕ್ಕ ನಮ್ಮೂರು ಮಂಗಳೂರಿನ ಬಿಲ್ಡರ್‌ಗಳಿಗೂ ಹೊಂದುತ್ತದಾ?

ಮಣಿಪಾಲ_ಲೆಕ್ಕಪತ್ರ:

ಮೊದಲು ಲಾಭದ ಗೊಂದಲ. 2018ರ ಏಪ್ರಿಲ್ 1ರಿಂದ ಇಂಡ್ ಎಎಸ್ 115 ಎಂಬ ಲೆಕ್ಕದ ನಿಯಮ ಬಂತು. ಅದಕ್ಕೂ ಮೊದಲು ಕಟ್ಟಡ ಶೇಕಡ 40 ಎದ್ದರೆ ಆದಾಯವನ್ನೂ ಸುಮಾರು ಅಷ್ಟೇ ತೋರಿಸುತ್ತಿದ್ದರು. ಈಗ ಹೆಚ್ಚಿನ ಕಂಪೆನಿಗಳು ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಎಂಬ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ) ಬಂದು ಫ್ಲ್ಯಾಟ್ ಹಸ್ತಾಂತರಿಸಿದ ಮೇಲೆಯೇ ಪೂರ್ತಿ ಹಣವನ್ನು ಒಟ್ಟಿಗೆ ಆದಾಯಕ್ಕೆ ತರುತ್ತವೆ. ಹಾಗಾಗಿ ಈ ತ್ರೈಮಾಸಿಕದ ಲಾಭ ಅಂದರೆ ಮೂರು ನಾಲ್ಕು ವರ್ಷದ ಹಿಂದಿನ ದರಕ್ಕೆ ಮಾರಿದ ಫ್ಲ್ಯಾಟಿನ ಲಾಭ. ಇವತ್ತಿನ ವ್ಯಾಪಾರ ಹೇಗಿದೆ ಅಂತ ಅದರಿಂದ ತಿಳಿಯುವುದಿಲ್ಲ.

ಒಸಿ ಮಾರ್ಚ್ ಕೊನೆಯ ಬದಲು ಏಪ್ರಿಲ್ ಮೊದಲ ವಾರ ಬಂದರೂ ಸಾಕು, ಇಡೀ ಟವರಿನ ಆದಾಯ ಮುಂದಿನ ವರ್ಷಕ್ಕೆ ಜಾರುತ್ತದೆ. 2024ರ ಕೊನೆಯಲ್ಲಿ ನೋಂದಣಿಗೆ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಕಡ್ಡಾಯವಾದಾಗ ಬೆಂಗಳೂರಿನಲ್ಲಿ ಇಂಥ ತಡ ಆಯಿತು. ವ್ಯಾಪಾರ ಕೆಟ್ಟಿತು ಅಂತ ಅದರ ಅರ್ಥ ಅಲ್ಲ.

ಹಾಗಾದರೆ ನೋಡುವುದು ಎಂತ? ಹೂಡಿಕೆದಾರರ ಪ್ರಸೆಂಟೇಶನ್‌ನಲ್ಲಿ ಪ್ರೀ-ಸೇಲ್ಸ್ (ಆ ಅವಧಿಯಲ್ಲಿ ಬುಕ್ ಆದ ಫ್ಲ್ಯಾಟುಗಳ ಒಟ್ಟು ಬೆಲೆ) ಮತ್ತು ಕಲೆಕ್ಷನ್ (ಗ್ರಾಹಕರಿಂದ ನಿಜವಾಗಿ ಕೈಗೆ ಬಂದ ಹಣ), ಬ್ಯಾಲೆನ್ಸ್ ಶೀಟಿನಲ್ಲಿ ಗ್ರಾಹಕರಿಂದ ಬಂದ ಮುಂಗಡ. ಮುಂಗಡ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಮುಂದೆ ಬರುವ ಆದಾಯ ಅಲ್ಲಿ ಕೂಡಿಬೀಳುತ್ತಿದೆ ಅಂತ. ಪ್ರೀ-ಸೇಲ್ಸ್ ಏರಿ ಕಲೆಕ್ಷನ್ ಏರದಿದ್ದರೆ ಕಾರಣ ಹುಡುಕಬೇಕು. ಹೊಸ ಯೋಜನೆ ಈಗಷ್ಟೇ ಬಿಡುಗಡೆಯಾಗಿದ್ದರೆ ಅದು ಸಹಜ, ಕಂತುಗಳು ಸ್ಲ್ಯಾಬ್ ಎದ್ದ ಹಾಗೆ ಬರುತ್ತವೆ. ಹೊಸ ಬಿಡುಗಡೆ ಇಲ್ಲದೆಯೂ ಹಾಗಾದರೆ ಕೆಲಸ ನಿಂತಿರಬೇಕು, ಇಲ್ಲವೇ ಕೀಲಿಕೈ ಕೊಡುವಾಗ ಹಣ ಕೊಡಿ ಎಂಬ ಸ್ಕೀಮಿನಲ್ಲಿ ಮಾರಿರಬೇಕು. ಎರಡನೆಯದರಲ್ಲಿ ಬುಕಿಂಗ್ ರದ್ದಾಗುವುದು ಜಾಸ್ತಿ. ಪ್ರೀ-ಸೇಲ್ಸ್ ಅಂಕಿ ರದ್ದಾದದ್ದನ್ನು ಕಳೆದ ಮೇಲಿನದ್ದಾ, ಜಂಟಿ ಯೋಜನೆಗೆ ಜಾಗ ಕೊಟ್ಟ ಮಾಲೀಕರ ಪಾಲು ಸೇರಿದ್ದಾ ಅಂತ ಅಡಿಟಿಪ್ಪಣಿ ಓದದೆ ಬಿಡಬೇಡಿ.

ಸುರತ್ಕಲ್_ಬಾಡಿಗೆಲೆಕ್ಕ:

ಸಾಲದ ವಿಷಯಕ್ಕೆ ಬರುತ್ತೇನೆ. ಒಟ್ಟು ಸಾಲ ಎಷ್ಟು ಅಂತ ಮಾತ್ರ ನೋಡಿ ಹೆದರುವುದೂ ತಪ್ಪು, ಧೈರ್ಯ ತಾಳುವುದೂ ತಪ್ಪು ಮಾರಾಯ್ರೆ. ಯಾವ ಹಣದಿಂದ ತೀರುವ ಸಾಲ ಅಂತ ಬೇರೆ ಬೇರೆ ಮಾಡಬೇಕು.

ಬಾಡಿಗೆಗೆ ಹೋಗಿರುವ ಆಫೀಸು, ಮಾಲಿನ ಮೇಲಿನ ಸಾಲ ಒಂದು ಬಗೆ. ಬ್ಯಾಂಕಿನವರು ಲೀಸ್ ರೆಂಟಲ್ ಡಿಸ್ಕೌಂಟಿಂಗ್ ಅನ್ನುತ್ತಾರೆ, ಬಾಡಿಗೆಯೇ ಕಂತು ಕಟ್ಟುತ್ತದೆ. ಅಂದಾಜಿಗೆ ಒಂದು ಲೆಕ್ಕ ಹಿಡಿಯಿರಿ. ಖರ್ಚು ಕಳೆದು ವರ್ಷಕ್ಕೆ 360 ಕೋಟಿ ಬಾಡಿಗೆ, ಅದರ ಮೇಲೆ 3,000 ಕೋಟಿ ಸಾಲ, ಬಡ್ಡಿ ಶೇ. 8.5. ಬಡ್ಡಿಯೇ 255 ಕೋಟಿ, ಅಸಲು ತೀರಿಸಲು ಉಳಿಯುವುದು 105 ಕೋಟಿ. ಶೇ. 8ರ ಇಳುವರಿಯಲ್ಲಿ, ಅಂದರೆ ವರ್ಷದ ಬಾಡಿಗೆ ಆಸ್ತಿಯ ಬೆಲೆಯ ಶೇ. 8 ಎಂದು ಹಿಡಿದು, ಬೆಲೆ ಕಟ್ಟಿದರೆ ಆಸ್ತಿ 4,500 ಕೋಟಿ, ಅಂದರೆ ಸಾಲ ಬೆಲೆಯ ಮೂರರಲ್ಲಿ ಎರಡು ಪಾಲು. ಖರೀದಿದಾರರು ಶೇ. 9 ಕೇಳಿದರೆ ಅದೇ ಆಸ್ತಿ 4,000 ಕೋಟಿಗೆ ಇಳಿದು ಸಾಲ ಶೇ. 75 ಆಗುತ್ತದೆ. ಒಬ್ಬ ದೊಡ್ಡ ಬಾಡಿಗೆದಾರ ಖಾಲಿ ಮಾಡಿದರೂ ಕಷ್ಟ.

ಇನ್ನೂ ಕಟ್ಟುತ್ತಿರುವ ಆಫೀಸಿನ ಸಾಲ ಎಲ್ಲಕ್ಕಿಂತ ಅಪಾಯದ್ದು. ಬಡ್ಡಿ ಓಡುತ್ತದೆ, ಬಾಡಿಗೆ ಇಲ್ಲ, ಫ್ಲ್ಯಾಟಿನ ಹಾಗೆ ಗ್ರಾಹಕರ ಕಂತೂ ಇಲ್ಲ. ಮುಗಿದ ಮೇಲೂ ಬಾಡಿಗೆದಾರರು ಬಂದು ಒಳಕೆಲಸ ಮುಗಿಸಿ ಬಾಡಿಗೆ ಶುರುವಾಗಲು ತಿಂಗಳುಗಳು ಬೇಕು. ಮುನ್ನೋಟ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಇನ್ನೊಂದು ಮರೆ ಉಂಟು. ಕಟ್ಟಡ ಕಟ್ಟುವಾಗಿನ ಬಡ್ಡಿಯನ್ನು ಇಂಡ್ ಎಎಸ್ 23 ಎಂಬ ಲೆಕ್ಕದ ನಿಯಮದ ಪ್ರಕಾರ ಕಟ್ಟಡದ ವೆಚ್ಚಕ್ಕೆ ಸೇರಿಸಬೇಕು. ಲಾಭ ನಷ್ಟದ ಪಟ್ಟಿಯಲ್ಲಿ ಬಡ್ಡಿ 110 ಕೋಟಿ ಅಂತ ಕಂಡು, 3,000 ಕೋಟಿ ಸಾಲಕ್ಕೆ ಇಷ್ಟೇನಾ ಅನ್ನಿಸಿದರೆ ಕ್ಯಾಶ್ ಫ್ಲೋ ಪಟ್ಟಿಯ "ಪಾವತಿಸಿದ ಬಡ್ಡಿ" ನೋಡಿ. ಅಲ್ಲಿ 270 ಕೋಟಿ ಇದ್ದರೂ ಆಶ್ಚರ್ಯ ಬೇಡ.

ಹೋಟೆಲು ಸಣ್ಣ ಪಾಲು, ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಶೇ. 65 ಕೋಣೆ ತುಂಬಿ, ದಿನಕ್ಕೆ ಸರಾಸರಿ ₹7,000 ಬಂದರೆ ಇರುವ ಕೋಣೆಗೆ ತಲಾ ₹4,550. ಕೋಣೆ ತುಂಬಲಿ ಬಿಡಲಿ ಖರ್ಚು ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಈ ಅಂಕಿ ಸ್ವಲ್ಪ ಅಲುಗಿದರೂ ಲಾಭ ತುಂಬ ಅಲುಗುತ್ತದೆ.

ಬಿಜೈ_ಉಳಿತಾಯ:

ತುಂಬ ಉಪಕಾರವಾಯಿತು. ಸಾಲ ಕಡಿಮೆಯಾದರೆ ಒಳ್ಳೆಯ ಸುದ್ದಿ ಅಂತ ಧಾರಾಳವಾಗಿ ಹೇಳಬಹುದಲ್ಲ?

ಮಣಿಪಾಲ_ಲೆಕ್ಕಪತ್ರ:

ಯಾವುದರಿಂದ ತೀರಿತು ಅಂತ ನೋಡದೆ ಹೇಳಲಾಗದು. ನಮ್ಮ ಮಂಗಳೂರಿನ ಪಾಂಡೇಶ್ವರದ ಫಿಝಾ ಮಾಲನ್ನೇ ತೆಗೆದುಕೊಳ್ಳಿ. 2014ರಲ್ಲಿ ಫೋರಂ ಫಿಝಾ ಅಂತ ಶುರುವಾದದ್ದು. ಬೆಂಗಳೂರಿನ ಬಿಲ್ಡರ್ ಪ್ರೆಸ್ಟೀಜ್ ಕಂಪೆನಿ 2020-21ರಲ್ಲಿ ತನ್ನ ಆಫೀಸು, ಮಾಲುಗಳ ದೊಡ್ಡ ಗಂಟನ್ನೇ ಬ್ಲಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು, ಮಾಲುಗಳು 2023ರ ಮೇಯಲ್ಲಿ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಎಂಬ ರೀಟಿನ (ಬಾಡಿಗೆ ಆಸ್ತಿಗಳನ್ನು ಹೊಂದಿ ಶೇರಿನ ಹಾಗೆ ಯೂನಿಟ್ ಮಾರುವ ಟ್ರಸ್ಟ್) ಭಾಗವಾಗಿ ಮಾರುಕಟ್ಟೆಗೆ ಬಂದವು. ಇಂಥ ಮಾರಾಟದಲ್ಲಿ ಸಾಲ ಒಮ್ಮೆಲೇ ಇಳಿಯುತ್ತದೆ, ಜೊತೆಗೆ ಬಾಡಿಗೆಯೂ ಹೋಗುತ್ತದೆ. ಮಾರಿದ ವರ್ಷದ ಲಾಭದಲ್ಲಿ ಒಂದೇ ಸಲದ ಗಳಿಕೆ ಇರುತ್ತದೆ, ಅದನ್ನು ಕಳೆದೇ ಮುಂದಿನ ವರ್ಷದ ಜೊತೆ ಹೋಲಿಸಬೇಕು.

ಸಾಲ ಏರಿದ್ದೂ ಹಾಗೆಯೇ. ಮೂರು ತಿಂಗಳ ಕಲೆಕ್ಷನ್ 1,000 ಕೋಟಿ ಅಂತ ಇಟ್ಟುಕೊಳ್ಳಿ. ಕಟ್ಟಡಕ್ಕೆ 450, ಜಾಗದವರ ಪಾಲು 60, ಸಿಬ್ಬಂದಿ ಮತ್ತು ಮಾರಾಟದ ಖರ್ಚು 110, ತೆರಿಗೆ 60, ಬಡ್ಡಿ 70 ಹೋದರೆ 250 ಕೋಟಿ ಉಳಿಯಿತು. ಹೊಸ ಜಾಗಕ್ಕೆ 400 ಹಾಕಿದರೆ ಸಾಲ 150 ಕೋಟಿ ಏರುತ್ತದೆ. ಇದು ಬೆಳೆಯುವ ಸಾಲ. ಜಾಗ ಕೊಳ್ಳುವ ಮೊದಲೇ ಉಳಿಕೆ ಸೊನ್ನೆಗಿಂತ ಕೆಳಗಿದ್ದರೆ ಮಾತ್ರ ಚಿಂತೆ.

ಫ್ಲ್ಯಾಟಿನ ಮುನ್ನೋಟಕ್ಕೂ ಒಂದು ಲೆಕ್ಕ ಉಂಟು. ಮಾರಿದ ಫ್ಲ್ಯಾಟಿಗೆ ಇನ್ನು ಬರಬೇಕಾದ ಹಣ 4,000 ಕೋಟಿ, ಮಾರದೆ ಉಳಿದದ್ದು 2,500 ಕೋಟಿ. ಇದರಲ್ಲಿ ಕಟ್ಟಿ ಮುಗಿಸುವ ಖರ್ಚು 3,600, ಫ್ಲ್ಯಾಟಿನ ಪಾಲಿನ ಸಾಲ 1,200 ಕಳೆದರೆ 1,700 ಕೋಟಿ. ತೆರಿಗೆ, ಕಚೇರಿ ಖರ್ಚು ಇದರೊಳಗೇ ಹೋಗಬೇಕು. ಬರಬೇಕಾದ ಹಣ ಒಂದರಿಂದಲೇ ಕಟ್ಟುವ ಖರ್ಚು ನೀಗುತ್ತದಾ ಅಂತ ಮೊದಲು ನೋಡಿ. ಇಲ್ಲಿ ನೀಗುತ್ತದೆ, ಮಾರುಕಟ್ಟೆ ನಿಧಾನವಾದರೂ ಕೆಲಸ ನಿಲ್ಲುವುದಿಲ್ಲ. ಬಿಡುಗಡೆಯಾಗದ ಯೋಜನೆಗಳನ್ನು ನಾನು ಇದರಲ್ಲಿ ಸೇರಿಸುವುದೇ ಇಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಬರುವ ತನಕ ಬುಕಿಂಗ್, ಜಾಹೀರಾತು ಎರಡೂ ಮಾಡುವಂತಿಲ್ಲ, ಅನುಮತಿ ಆರು ತಿಂಗಳು ತಡವಾದರೆ ವರ್ಷದ ಗುರಿಯೇ ತಪ್ಪುತ್ತದೆ.

ಬಾಡಿಗೆ ಆಸ್ತಿಯನ್ನು ನಮ್ಮಲ್ಲಿ ಪುಸ್ತಕದಲ್ಲಿ ಕೊಂಡ, ಕಟ್ಟಿದ ವೆಚ್ಚಕ್ಕೇ ತೋರಿಸಬೇಕು. ಇಂದಿನ ಬೆಲೆ ವಾರ್ಷಿಕ ವರದಿಯ ಇನ್ವೆಸ್ಟ್‌ಮೆಂಟ್ ಪ್ರಾಪರ್ಟಿ ಟಿಪ್ಪಣಿಯಲ್ಲಿರುತ್ತದೆ, ಅದನ್ನು ಹುಡುಕಿ ಓದಿ.

ಕೊಡಿಯಾಲ್‌ಬೈಲ್_ಸೈಟ್:

ನಮ್ಮೂರಿನ ಬಿಲ್ಡರ್‌ಗಳ ಬಗ್ಗೆ ಕೇಳಿದ್ದೀರಿ. ಇಲ್ಲಿ ಅನೇಕರು ಪಾಲುದಾರಿಕೆ ಸಂಸ್ಥೆಗಳು, ಕಂಪೆನಿಯ ಹಾಗೆ ಬ್ಯಾಲೆನ್ಸ್ ಶೀಟ್ ಸಿಗುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಎಂಸಿಎ (ಕೇಂದ್ರದ ಕಂಪೆನಿ ವ್ಯವಹಾರಗಳ ಸಚಿವಾಲಯ) ತಾಣದಲ್ಲಿ ಶುಲ್ಕ ಕಟ್ಟಿ ನೋಡಬಹುದು. ಚಾರ್ಜ್ ಪಟ್ಟಿಯನ್ನು ಮುಖ್ಯವಾಗಿ ನೋಡಿ, ನೀವು ಕೇಳುತ್ತಿರುವ ಜಾಗ ಯಾವ ಬ್ಯಾಂಕಿಗೆ ಅಡವಾಗಿದೆ ಅಂತ ಅಲ್ಲಿ ಸಿಗುತ್ತದೆ.

ಉಳಿದವರಿಗೆ ಕರ್ನಾಟಕ ರೇರಾ ಪುಟವೇ ಗತಿ. ಗ್ರಾಹಕರ ಹಣದ ಶೇ. 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿರಬೇಕು, ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಪ್ರಮಾಣಪತ್ರ ಇದ್ದರೆ ಮಾತ್ರ, ಅದೂ ಕೆಲಸ ಆದ ಪ್ರಮಾಣಕ್ಕೆ ತಕ್ಕಂತೆ ತೆಗೆಯಬಹುದು. ಮೂರು ತಿಂಗಳಿಗೊಮ್ಮೆ ಎಷ್ಟು ಮಾರಿದೆ, ಎಷ್ಟು ಕಟ್ಟಿದೆ ಅಂತ ಹಾಕಬೇಕು. ಶೇ. 80 ಮಾರಿ ಶೇ. 30 ಮಾತ್ರ ಕಟ್ಟಿದ್ದು, ಮುಗಿಸುವ ದಿನಾಂಕಕ್ಕೆ ಒಂದು ವರ್ಷ ಇದ್ದರೆ ಮಾತಾಡುವುದೇ ಬೇಡ. ಅದೇ ಬಿಲ್ಡರ್‌ನ ಬೇರೆ ಯೋಜನೆಗಳ ಪುಟವನ್ನೂ ತೆರೆಯಿರಿ. ನಾಲ್ಕು ಕಡೆ ಒಟ್ಟಿಗೆ ಅವಧಿ ವಿಸ್ತರಣೆ ಕೇಳಿದ್ದರೆ ಹಣ ಸುತ್ತುತ್ತಿಲ್ಲ ಅಂತ ಲೆಕ್ಕ.

ನಮ್ಮ ಗುಡ್ಡೆ ಜಾಗದಲ್ಲಿ ಬೇಸ್‌ಮೆಂಟ್ ಅಗೆಯುವುದನ್ನು ಮೇಯಲ್ಲಿ ಶುರು ಮಾಡಿದವರು ಮಳೆ ಮುಗಿಯುವ ತನಕ ಕಾಯಬೇಕಾಗುತ್ತದೆ, ತಡೆಗೋಡೆಯ ಖರ್ಚೂ ಅಂದಾಜು ಮೀರುತ್ತದೆ. ಮರಳು, ಕೆಂಪುಕಲ್ಲು ಸಿಗದ ತಿಂಗಳುಗಳು ಬೇರೆ. ಆದ್ದರಿಂದ ಬಿಲ್ಡರ್ ಹೇಳುವ ತಿಂಗಳಿಗೆ ನಾನು ಒಂದು ಮಳೆಗಾಲ ಸೇರಿಸಿಯೇ ಲೆಕ್ಕ ಹಾಕುವುದು.

ಒಪ್ಪಂದ ನೋಂದಣಿಯಾಗದೆ ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ, ಕಾನೂನೇ ಹಾಗೆ ಹೇಳುತ್ತದೆ. ಕೊನೆಯ ಕಂತು ಕಟ್ಟುವಾಗ ಡೋರ್ ನಂಬರ್ ಆಗಿದೆ ಅಂದರೆ ಸಾಲದು, ಒಸಿಯ ಪ್ರತಿ ಕೇಳಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಸಿ ಇಲ್ಲದ ಕಟ್ಟಡಕ್ಕೆ ಕಾಯಂ ವಿದ್ಯುತ್, ನೀರಿನ ಸಂಪರ್ಕ ಸಿಗುವುದೇ ಕಷ್ಟ.

ಬಿಜೈ_ಉಳಿತಾಯ:

ರೇರಾ ಪುಟದಲ್ಲಿ ಮೂರು ತಿಂಗಳ ವರದಿಯೇ ಹಾಕಿಲ್ಲದಿದ್ದರೆ?

ಕೊಡಿಯಾಲ್‌ಬೈಲ್_ಸೈಟ್:

ಬಿಲ್ಡರ್‌ಗೆ ಇಮೇಲ್‌ನಲ್ಲಿ ಕೇಳಿ, ಉತ್ತರ ಲಿಖಿತವಾಗಿ ಇರಲಿ. ಜೊತೆಗೆ ಸಿಎ ಆಡಿಟ್ ಪ್ರಮಾಣಪತ್ರವನ್ನೂ ಕೇಳಿ, ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ಅದು ಆಗಿರಬೇಕು. ಎರಡೂ ಬರದಿದ್ದರೆ ಬುಕಿಂಗ್ ಚೆಕ್ ಬರೆಯಬೇಡಿ.